ಮೊದಲು ಮೂಗು ಕೊಟ್ಟವಳು

ಭಾನುವಾರ, ನವೆಂಬರ್ ೯

ನನ್ನ ಮೊಂಡಿ ಮಗಳಿಗೆ,

ಅಮ್ಮ ಮನಸಾರೆ ಹರಸಿ ಬರೆಯುವುದು. ನಾವಿಲ್ಲಿ ಚೆನ್ನಾಗಿದ್ದೇವೆ, ನಿಮ್ಮಪ್ಪನ ಸೊಂಟವೊಂದನ್ನು ಬಿಟ್ಟು. ಅದು ಚೆನ್ನಾಗಿದ್ದ ದಿನ ಯಾವುದಿತ್ತು ಹೇಳು. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಅಡುಗೆಮನೆಯ ಕಿಟಕಿಯಲ್ಲಿ ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿದ್ದೆ. ದಿನಾ ಚಹಾಕ್ಕೆ ನೀರಿಡುವಾಗ ಅದು ನನ್ನನ್ನು ನೋಡುತ್ತಿತ್ತು, ನಾನು ಅದನ್ನು ನೋಡುತ್ತಿದ್ದೆ. ತಡವಾಯಿತೆಂದು ಮುನಿಸಿಕೊಳ್ಳಬೇಡ. ನನ್ನ ಎಂದಿನ ನಾಲ್ಕು ಸಾಲಿನ ಕಾಗದವಾಗಿದ್ದರೆ ಅವತ್ತೇ ಗೀಚಿ ಅಂಚೆಗೆ ಹಾಕುತ್ತಿದ್ದೆ. 'ಎಲ್ಲ ಸರಿಯಾಗಿದೆ, ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ತಿನ್ನು, ಕರುಗಳು ಕೂಗುತ್ತಿವೆ ಹೋಗುತ್ತೇನೆ.' ಅಷ್ಟೇ ತಾನೇ ನಾನು ಇಷ್ಟು ವರ್ಷ ನಿನಗೆ ಬರೆದದ್ದು?

ಫೋನ್ ಮಾಡಬಾರದಿತ್ತಾ ಅನ್ನುತ್ತೀಯ. ಫೋನಿನಲ್ಲಿ ನನಗೆ ಬರುವುದು ಎರಡೇ, ಇಲ್ಲ ಕೂಗಾಟ, ಇಲ್ಲ ಮೌನ. ಈ ವಿಷಯಕ್ಕೆ ಎರಡೂ ಸಾಲದು. ಅದಕ್ಕೇ ಇವತ್ತು ನಿಧಾನವಾಗಿ ಕೂತಿದ್ದೇನೆ. ಹಾಳೆಗಳ ಕಟ್ಟು ಹಿಡಿದು ಮೇಜಿಗೆ ಬಂದದ್ದನ್ನು ನೋಡಿ ನಿಮ್ಮಪ್ಪ, "ಏನೇ, ಪುರಾಣ ಶುರುವಾಯ್ತಾ?" ಎಂದು ಕೇಳಿ ಹಾಲಿನ ಟ್ಯಾಂಕರ್ ತೊಳೆಯಲು ಹೋದರು. ಅಮ್ಮನಿಗೆ ಇಷ್ಟು ಪುರುಸೊತ್ತು ಎಲ್ಲಿಂದ ಬಂತು ಎಂದು ನೀನೂ ಹುಬ್ಬೇರಿಸುತ್ತೀಯ. ಇರಲಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಈ ಕಾಗದ ಓದಿ ಮುಗಿಸಿದ ಮೇಲೆ ಕೈ ತೊಳೆದುಕೋ. ಯಾಕೆ ಏನು ಎಂದು ಕೇಳಬೇಡ, ಈಚೆಗೆ ನಾನು ಎಲ್ಲರಿಗೂ ಹೇಳುವುದು ಅದನ್ನೇ.

ನಿನ್ನ ಕಾಗದವನ್ನು ನಿಮ್ಮಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಪರೀಕ್ಷೆ ಮಾಡಿದಾಗಲೆಲ್ಲ ನಿನ್ನ ಮೂಗು ಶುದ್ಧ ಎಂದು ಬಂತು, ಹಿರಿಯ ನರ್ಸ್ ತಾವೇ ವಾರ್ಡಿನ ಗೌನನ್ನು ನಿನ್ನ ಕೈಗಿತ್ತರು, ಆ ಪುಟ್ಟ ಕೂಸು ಕೆನ್ನೆ ತುಂಬಿಕೊಂಡು ಮನೆಗೆ ಹೋಯಿತು. ಇಲ್ಲಿಗೆ ಬಂದು ಅದೇ ಸಾಲನ್ನು ಮೂರು ಸಲ ಓದಿದೆ. ನಿಮ್ಮಪ್ಪ ಕಾಗದ ಕಸಿದುಕೊಂಡು ಮುಂದಿನದನ್ನು ತಾವೇ ಓದಿದರು. ಮರುದಿನ ಬೆಳಿಗ್ಗೆ ಹಾಲು ಇಳಿಸುವ ಜಾಗದಲ್ಲಿ ಈ ಸುದ್ದಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. "ನಮ್ಮ ಹುಡುಗಿ ವಾಪಸ್ ಡ್ಯೂಟಿಗೆ ಹೋದ್ಲು" ಎಂದು ಗೇಟು ಕಾಯುವವನಿಗೂ ಹೇಳಿದರಂತೆ, ಅವನು ಕೇಳದಿದ್ದರೂ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಕೆನಿಸಿದರೆ ನಗು. ಈ ಹೆಗ್ಗಣದ ಬಗ್ಗೆ ನನಗೆ ಇರುವ ಹೆಮ್ಮೆಯನ್ನು ಮುಚ್ಚಿಡುವ ಸಂಕೋಚ ನನಗಿಲ್ಲ.

ನೀನು ಎರಡು ಪ್ರಶ್ನೆ ಕೇಳಿದ್ದೀಯ. ಡೇರಿಯಲ್ಲಿ ನಿಜಕ್ಕೂ ನಡೆದದ್ದೇನು, ಅಪ್ಪ 'ಎಲ್ಲ ಸರಿಹೋಯ್ತು' ಅನ್ನುವುದು ಬಿಟ್ಟು ಬಾಯಿ ಬಿಡುವುದಿಲ್ಲ ಎಂಬುದು ಒಂದು. ಇನ್ನೊಂದು, ಚಳಿಗಾಲದ ರಜೆಗೆ ಮನೆಗೆ ಬರಬಹುದಾ, ಮೊದಲಿನ ಹಾಗೆ ಕರುಗಳ ನಡುವೆ ಓಡಾಡಿ ನನ್ನ ಪಕ್ಕ ಮಲಗಬಹುದಾ, ಅಥವಾ ವಾರ್ಡು ಬೇಕಾದರೆ ಮನೆಯ ಆಸೆ ಬಿಡಬೇಕಾ ಎಂಬುದು. ಮೊದಲನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಎರಡನೆಯದಕ್ಕಾಗಿಯೇ ನಾನು ಇಷ್ಟೆಲ್ಲ ಕುಣಿದದ್ದು, ಅದನ್ನು ಮರೆತಿಲ್ಲ.

ಕಳೆದ ಸಲ ನೀನು ಬಂದಾಗ ಹಸುಗಳು ಸಾಲಾಗಿ ಕರು ಹಾಕುತ್ತಿದ್ದ ಕಾಲ. ರಜೆಗೆ ಬಂದವಳು ಕಾಲು ಚಾಚಿ ಮಲಗುವುದು ಬಿಟ್ಟು ಗಂಬೂಟು ಹಾಕಿಕೊಂಡು ನನ್ನ ಹಿಂದೆ ಕರುಮನೆಗೆ ಬಂದೆ. ಬಿಳಿಮೂತಿಯನ್ನು ನೆನಪು ಮಾಡಿಕೋ. ಬಕೆಟ್ಟಿನಲ್ಲಿ ಹಾಲಿಟ್ಟರೆ ತಲೆ ಮೇಲೆತ್ತಿ ಗಾಳಿಯಲ್ಲಿ ಕೆಚ್ಚಲು ಹುಡುಕುತ್ತಿತ್ತು. ನೀನು ಬೆರಳನ್ನು ಹಾಲಿನಲ್ಲಿ ಅದ್ದಿ ಅದರ ಬಾಯಿಗಿಟ್ಟೆ. ಚೀಪಲು ಶುರುಮಾಡಿದ ಮೇಲೆ ಮೆಲ್ಲಗೆ ಕೈಯನ್ನು ಬಕೆಟ್ಟಿಗಿಳಿಸಿ, ಹಾಲಿನೊಳಗೆ ಬೆರಳು ಬಿಡಿಸಿಕೊಂಡೆ. ಅದು ತನಗೇ ತಿಳಿಯದೆ ಕುಡಿಯುವುದು ಕಲಿತಿತ್ತು. ಯಾರು ಕಲಿಸಿದ ವಿದ್ಯೆ? ನನ್ನ ಬೆರಳು ಚೀಪದೆ ದೊಡ್ಡದಾದ ಹಸು ಈ ಡೇರಿಯಲ್ಲಿ ಒಂದೂ ಇಲ್ಲ. ಹಸುಗಳು ನಾವೆಲ್ಲ ಸೇರಿ ನಡೆಸುವ ಹಾಲಿನ ಸಂಘದವೇ ಇರಬಹುದು, ಆದರೆ ಅವನ್ನು ಹೆತ್ತದ್ದು ಮೊದಲ ತಾಯಿ, ಎರಡನೆಯ ತಾಯಿ ನಾನು. ಇದನ್ನು ಜಂಬ ಅನ್ನುವವರು ಅನ್ನಲಿ.

ನೀನು ವಾಪಸು ಹೋದ ಸ್ವಲ್ಪ ಕಾಲಕ್ಕೆ ಆ ಫೋನು ಬಂತು. ದಿನ ತುಂಬುವ ಮುಂಚೆ ಹುಟ್ಟಿದ ಕೂಸುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಯುವ ನಿನ್ನ ವಾರ್ಡಿನಲ್ಲಿ ಒಂದು ಕೂಸಿಗೆ ಮೈಮೇಲೆ ಕೀವುಗುಳ್ಳೆ ಎದ್ದು ಜ್ವರ ಏರಿತು. ಯಾವ ಆ್ಯಂಟಿಬಯೋಟಿಕ್ ಕೊಟ್ಟರೂ ನಾಟಲಿಲ್ಲ. ಲ್ಯಾಬಿನವರು ನೋಡಿದರೆ, ಸುಲಭದ ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾ. ಅದು ಎಷ್ಟೋ ಸಲ ಗಟ್ಟಿಮುಟ್ಟಾದವರ ಮೂಗಿನಲ್ಲಿ ಸದ್ದಿಲ್ಲದೆ ಕೂತಿರುತ್ತದಂತೆ, ಅವರಿಗೆ ಏನೂ ಮಾಡದೆ. ಹಾಗಾಗಿ ವಾರ್ಡಿನಲ್ಲಿ ಕೆಲಸ ಮಾಡುವವರೆಲ್ಲ ಮೂಗಿನೊಳಗೆ ಹತ್ತಿಕಡ್ಡಿ ಆಡಿಸಿ ಪರೀಕ್ಷೆಗೆ ಕೊಡಬೇಕೆಂದರು. ನನಗೆ ಅರ್ಥವಾದದ್ದು ಇಷ್ಟು, ತಪ್ಪಿದ್ದರೆ ತಿದ್ದು.

ಮುಂದಿನದನ್ನು ನೀನು ನನಗೆ ಹೇಳಲೇ ಇಲ್ಲ, ನಿಮ್ಮ ಆಸ್ಪತ್ರೆಯಲ್ಲಿ ಸೋಂಕಿನ ಜಾಡು ಹಿಡಿಯುವ ಡಾಕ್ಟರು ಆಮೇಲೆ ಹೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ ಎಲ್ಲರೂ. ಒಬ್ಬರಿಗೆ ಆಗಲೇ ಶೀತ, ಇನ್ನೊಬ್ಬರಿಗೆ ತುರ್ತು ಕೆಲಸ. ನನ್ನ ಮಗಳೊಬ್ಬಳು ಕುರ್ಚಿ ಎಳೆದುಕೊಂಡು ಕೂತು, ತಲೆ ಹಿಂದಕ್ಕೆ ವಾಲಿಸಿ, "ನಂದೇ ಮೊದ್ಲು ತಗೊಳ್ಳಿ" ಅಂದಳಂತೆ. ಡಾಕ್ಟರು ಇದನ್ನು ಹೇಳಿದಾಗ ಫೋನು ನನ್ನ ಕಿವಿಯಲ್ಲಿತ್ತು, ಕಾಲು ನೆಲದ ಮೇಲಿರಲಿಲ್ಲ.

ಆದರೆ ಮೊದಲು ಕೊಟ್ಟ ಮೂಗಿನಲ್ಲೇ ಅದು ಸಿಕ್ಕಿತು. ನಿನ್ನನ್ನು ವಾರ್ಡಿನಿಂದ ಹೊರಗಿಟ್ಟರು. ಯಾರೋ ಒಬ್ಬಳು "ಕೈ ತೊಳೀದೆ ಕೂಸು ಮುಟ್ಟೋರಿದ್ರೆ ಇನ್ನೇನಾಗುತ್ತೆ" ಅಂದಳಂತಲ್ಲ, ಅವಳ ವಿಳಾಸ ಕಳಿಸು. ಮೊಣಕೈವರೆಗೆ ಸೋಪು ಹಚ್ಚದೆ ಊಟಕ್ಕೂ ಕೂರದ ಹುಡುಗಿ ನೀನು. ಅವತ್ತು ಫೋನಿನಲ್ಲಿ ನೀನು ಅಳುತ್ತಿದ್ದೆ, ನಾನು ಬೈಯುತ್ತಿದ್ದೆ. ಯಾರನ್ನು ಎಂದು ನನಗೇ ಗೊತ್ತಿರಲಿಲ್ಲ.

ಅದಾದ ಮೇಲೆ ನಿಮ್ಮ ಸೋಂಕಿನ ಡಾಕ್ಟರು ಮೊದಲ ಸಲ ನನಗೆ ಫೋನ್ ಮಾಡಿದರು. ಹೆಂಗಸು, ಮಾತು ಮೆತ್ತಗೆ. "ಅಮ್ಮ, ಮನೇಲಿ ದನ ಸಾಕ್ತೀರಾ? ಈ ತಳಿ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ದನಗಳ ಹತ್ರ ಕಾಣಿಸ್ಕೊಳ್ಳೋದು" ಅಂದರು. ನನಗೆ ಕೋಪ ಮೂಗಿನ ತುದಿಯಲ್ಲೇ ಎಂಬುದು ನಿನಗೆ ಗೊತ್ತು. "ನನ್ನ ಮಗಳಾಯ್ತು, ಈಗ ನನ್ನ ಕರುಗಳಾ? ನಮ್ಮ ಕರುಮನೆ ನಿಮ್ಮ ಆಸ್ಪತ್ರೆಗಿಂತ ಚೊಕ್ಕಟವಾಗಿದೆ!" ಎಂದು ಫೋನು ಕುಕ್ಕಿದೆ. ನಿಮ್ಮಪ್ಪ ಚಹಾ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು, "ಕೊಳಕು ಅಂತ ಅವ್ರೆಲ್ಲಿ ಅಂದ್ರು? ದನ ಇದೆಯಾ ಅಂತ ಕೇಳಿದ್ರು. ಇದೆಯಲ್ಲ" ಅಂದರು. ಈ ಮನುಷ್ಯನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಒಂದು ಜಗಳವನ್ನೂ ನೆಟ್ಟಗೆ ಆಡಲು ಬಿಟ್ಟಿಲ್ಲ.

ಸಂಜೆ ಹಾಲು ಕುಡಿಸುವಾಗ ಒಂದು ಹೊಸ ಕರು ನನ್ನ ಬೆರಳು ಚೀಪುತ್ತಿತ್ತು. ಬೆರಳು ಬಿಡಿಸಿಕೊಂಡು ಅದೇ ಕೈಯಿಂದ ಮೂಗು ಒರೆಸಿಕೊಂಡೆ. ಒರೆಸಿಕೊಂಡವಳು ಹಾಗೇ ನಿಂತುಬಿಟ್ಟೆ. ಕರುವಿನ ಬಾಯಿಂದ ನನ್ನ ಬೆರಳು, ಬೆರಳಿಂದ ಮೂಗು. ಇದಕ್ಕಿಂತ ಹತ್ತಿರದ ದಾರಿ ಯಾವುದಿದೆ? ನೀನು ಬಿಳಿಮೂತಿಗೆ ಕುಡಿಸಿದ್ದೂ ಹೀಗೇ. ಕೈ ತೊಳೆದು ಡಾಕ್ಟರಿಗೆ ನಾನೇ ಫೋನ್ ಮಾಡಿದೆ. ಮೊದಲು ಕ್ಷಮೆ ಕೇಳಿದೆ, ಆಮೇಲೆ ಒಂದೇ ಪ್ರಶ್ನೆ ಕೇಳಿದೆ. "ಇಲ್ಲಿಂದ ಹೋಗಿದ್ದು ಅಂತ ಗೊತ್ತಾದ್ರೆ ನನ್ನ ಮಗಳ ಮೇಲಿನ ಮಾತು ಹೋಗುತ್ತಾ?" ಹೋಗುತ್ತೆ ಅಂದರು. ಮದ್ದು ಹಚ್ಚಿದರೆ ನಿನ್ನ ಮೂಗೂ ಶುದ್ಧವಾಗುತ್ತೆ ಅಂದರು. "ಆದ್ರೆ ಮನೆಗೆ ಬಂದು ಹೋದಾಗಲೆಲ್ಲ ಮತ್ತೆ ಅಂಟಿಸ್ಕೊಂಡು ಬಂದ್ರೆ ನಾವು ವಾರ್ಡಿಗೆ ಬಿಡೋ ಹಾಗಿಲ್ಲ" ಅಂದರು. ಆಗಲೇ ನಿಶ್ಚಯ ಮಾಡಿದೆ. ನನ್ನ ಮಗಳಿಗೆ ವಾರ್ಡೂ ಬೇಕು, ಮನೆಯೂ ಬೇಕು. ಹಾಗಾದರೆ ಕರುಮನೆ ಶುದ್ಧವಾಗಬೇಕು.

ನಮ್ಮ ಪಶುವೈದ್ಯರ ಹತ್ತಿರ ಹೋಗಿ ಕರುಗಳ ಮೂಗು ಪರೀಕ್ಷೆ ಮಾಡಿ ಅಂದೆ. ಅವರು ತಲೆ ಕೆರೆದುಕೊಂಡು ಕಾರ್ಯದರ್ಶಿಯನ್ನು ಕೇಳಿ ಅಂದರು. ಸಂಘದ ಕಾರ್ಯದರ್ಶಿ ನಿನಗೆ ಗೊತ್ತಲ್ಲ, ಮಾತಿಗೆ ಮುಂಚೆ ಕೆಮ್ಮುವ ಮನುಷ್ಯ. ಕೆಮ್ಮಿದರು.

"ಅಕ್ಕಾ, ಸುಮ್ನೆ ಇರಲಾರ್ದೆ ಇರುವೆ ಬಿಟ್ಕೊಳ್ಳೋದು ಯಾಕೆ? ಕರುಗಳು ಚೆನ್ನಾಗಿವೆ, ನೀವು ಚೆನ್ನಾಗಿದೀರಿ. ನಾಳೆ ಏನೋ ಸಿಕ್ತು ಅಂತಾದ್ರೆ ನಮ್ಮ ಹಾಲು ಯಾರು ಮುಟ್ತಾರೆ?"

"ಇರುವೆ ಆಗ್ಲೇ ಒಳಗಿದೆ ಸ್ವಾಮೀ. ಅದು ನನ್ನ ಮಗಳ ವಾರ್ಡಿಗೂ ಹೋಗಿ ಒಂದು ಕೂಸನ್ನ ಕಚ್ಚಿದೆ" ಅಂದೆ. "ನೀವು ಹುಡುಕಲ್ಲ ಅಂದ್ರೆ ನಾನೇ ಸಂಘದ ಸಭೇಲಿ ಕೇಳ್ತೀನಿ."

ಕೇಳಿದೆ. ಹಾಲು ತಣಿಸುವ ಕೋಣೆಯ ಪಕ್ಕದ ಹಜಾರದಲ್ಲಿ ಸಭೆ, ಪಶುವೈದ್ಯರೂ ತಮ್ಮ ಚೀಲ ಹಿಡಿದು ಬಂದಿದ್ದರು. ನಿಂತು ಮಾತಾಡಿ ಅಭ್ಯಾಸವಿಲ್ಲ, ಆದರೂ ಎದ್ದೆ. ನಿನ್ನ ಕತೆ ಹೇಳಿದೆ. ನೀನು ಹೇಗೆ ಕುರ್ಚಿ ಎಳೆದುಕೊಂಡು ಕೂತೆ ಎಂದೂ ಹೇಳಿದೆ, ಅಲ್ಲಿ ಸ್ವಲ್ಪ ಹೆಚ್ಚೇ ಹೇಳಿರಬಹುದು. ಗುಸುಗುಸು ಎದ್ದಿತು. ಬೆಕ್ಕಿಗೆ ಗಂಟೆ ಕಟ್ಟಬೇಕೆಂದು ಎಲ್ಲರಿಗೂ ಗೊತ್ತು, ಕಟ್ಟುವವರು ಯಾರು? "ಕರುಗಳದ್ದು ಆಮೇಲೆ ನೋಡೋಣ" ಎಂದು ಯಾರೋ ಅಂದರು. "ಸರಿ, ಹಾಗಾದ್ರೆ ಮೊದ್ಲು ನಂದು" ಅಂದೆ. ಒಂದು ಕುರ್ಚಿಯನ್ನು ಎಲ್ಲರ ನಡುವೆ ಎಳೆದು, ನೀನು ಮಾಡಿದ ಹಾಗೇ ತಲೆ ಹಿಂದಕ್ಕೆ ವಾಲಿಸಿ ಕೂತೆ. "ಡಾಕ್ಟ್ರೇ, ಕಡ್ಡಿ ತನ್ನಿ. ನನ್ನ ಮಗಳು ಎಲ್ಲರಿಗಿಂತ ಮೊದ್ಲು ಮೂಗು ಕೊಟ್ಟಳು. ಅವಳಮ್ಮ ಹಿಂದೆ ಬೀಳಲ್ಲ."

ಹೆಣ್ಣುಮಕ್ಕಳು ತಾಯಿಯಿಂದ ಕಲಿಯುತ್ತಾರೆ ಎಂದು ಲೋಕ ಹೇಳುತ್ತದೆ. ಅವತ್ತು ನಾನು ನಿನ್ನಿಂದ ಕಲಿತದ್ದನ್ನು ಮಾಡಿದೆ.

ನನ್ನ ಹಿಂದೆ ಮೊದಲು ಎದ್ದವಳು ಹಾಲು ಕರೆಯುವ ನಿನ್ನ ದೊಡ್ಡತ್ತೆ. ನಿಮ್ಮಪ್ಪನ ಈ ಅಕ್ಕ ಇಷ್ಟು ವರ್ಷಗಳಲ್ಲಿ ನನ್ನ ಯಾವ ಮಾತಿಗೂ ಹೂಂ ಅಂದವಳಲ್ಲ. ಅವಳು ಎದ್ದ ಮೇಲೆ ಉಳಿದವರಿಗೆ ಕೂರುವುದು ಕಷ್ಟವಾಯಿತು. ಸಾಲು ಬೆಳೆಯಿತು. ಕಾರ್ಯದರ್ಶಿಗೆ ಕಡ್ಡಿ ತಗುಲಿದ ಕೂಡಲೇ ಸೀನು ಬಂದು ಪಶುವೈದ್ಯರ ಕನ್ನಡಕ ಹಾರಿತು. ಕೊನೆಗೆ ಟ್ಯಾಂಕರ್ ನಿಲ್ಲಿಸಿ ಬಂದ ನಿಮ್ಮಪ್ಪ, "ನಂದೂ ತಗೊಳ್ಳಿ, ಇಲ್ಲಾಂದ್ರೆ ಮನೇಲಿ ಊಟ ಸಿಗಲ್ಲ" ಅಂದರು. ಅವತ್ತಿನ ನಗು ನಮ್ಮನ್ನು ಅರ್ಧ ಕಾಪಾಡಿತು ಎಂದುಕೊಂಡಿದ್ದೇನೆ.

ಮರುದಿನ ಕರುಗಳ ಮೂಗಿಗೂ ಕಡ್ಡಿ ಆಡಿಸಿದರು. ಫಲಿತಾಂಶ ಬಂದಾಗ ನಗುವವರು ಯಾರೂ ಇರಲಿಲ್ಲ. ಅರ್ಧಕ್ಕಿಂತ ಹೆಚ್ಚು ಕರುಗಳಲ್ಲಿ ಇತ್ತು. ಕೊಟ್ಟಿಗೆಯಲ್ಲಿ ದುಡಿಯುವ ಕೆಲವರಲ್ಲಿತ್ತು, ನಿಮ್ಮಪ್ಪನಲ್ಲಿತ್ತು, ನನ್ನಲ್ಲಿತ್ತು. ನಿಮ್ಮ ಡಾಕ್ಟರು ಎಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಆ ಕೂಸಿನದು, ನಿನ್ನದು, ನಮ್ಮ ಕರುಗಳದು ಎಲ್ಲ ಒಂದೇ ಮನೆತನದ್ದು ಎಂದು ಹೇಳಿಕಳಿಸಿದರು. ನಿನ್ನ ಮೇಲಿದ್ದ ಕೈ ತೊಳೆಯದವಳು ಎಂಬ ಮಾತು ಅವತ್ತಿಗೆ ಸತ್ತುಹೋಯಿತು. ನನಗೆ ಅಳು ಬಂತೋ ಸಮಾಧಾನವಾಯಿತೋ ಹೇಳಲಾರೆ, ಎರಡೂ ಒಟ್ಟಿಗೇ ಬಂದವು.

ಇದು ನಮ್ಮಲ್ಲಿ ಹೇಗೆ ಬೆಳೆಯಿತು ಎಂದು ಪಶುವೈದ್ಯರು ಬಿಡಿಸಿ ಹೇಳಿದರು. ಹಸುವಿಗೆ ಕೆಚ್ಚಲು ಬಾವು ಬಂದರೆ ಆ್ಯಂಟಿಬಯೋಟಿಕ್ ಚುಚ್ಚುತ್ತೇವೆ. ಮದ್ದು ಮೈಯಿಂದ ಇಳಿಯುವವರೆಗೆ ಅದರ ಹಾಲನ್ನು ಟ್ಯಾಂಕರಿಗೆ ಹಾಕುವ ಹಾಗಿಲ್ಲ. ಹಾಗೆಂದು ಹಾಲು ಚೆಲ್ಲುವುದುಂಟೇ? ಚೆಲ್ಲಿದ ಕೈಗೆ ಪೆಟ್ಟು ಕೊಟ್ಟು ಬೆಳೆಸಿದ ಜನ ನಾವು. ಮದ್ದಿನ ಹಾಲೆಂದು ಅದಕ್ಕೊಂದು ಹೆಸರಿಟ್ಟು, ಪ್ರತ್ಯೇಕ ಬಕೆಟ್ಟಿನಲ್ಲಿ ಹಿಡಿದು, ಕರುಗಳಿಗೆ ಕುಡಿಸುತ್ತಿದ್ದೆವು. ಪೋಲು ಮಾಡಲಿಲ್ಲ ಎಂದು ಬೀಗುತ್ತಿದ್ದೆವು ಕೂಡ. ಆ ಹಾಲಿನಲ್ಲಿ ಉಳಿದ ಚೂರುಪಾರು ಮದ್ದು ದಿನಾ ಕರುವಿನ ಹೊಟ್ಟೆ ಸೇರಿ, ಮೆತ್ತಗಿನ ಬ್ಯಾಕ್ಟೀರಿಯಾ ಸತ್ತು, ಗಟ್ಟಿಯವು ಉಳಿದು ಮರಿ ಹಾಕಿದವಂತೆ. "ಅರೆಪೆಟ್ಟು ತಿಂದ ಕಳ್ಳ ಬುದ್ಧಿ ಕಲಿಯಲ್ಲ, ಪೆಟ್ಟು ತಿನ್ನೋದು ಕಲೀತಾನೆ" ಅಂದರು ಪಶುವೈದ್ಯರು. "ಇದು ನಿಮ್ಗೆ ಗೊತ್ತಿರ್ಲಿಲ್ವಾ?" ಎಂದು ಕೇಳಿದೆ. "ಗೊತ್ತಿತ್ತು. ಎಲ್ಲ ಕಡೆ ಹಾಗೇ ಮಾಡ್ತಾರೆ ಅಂತ ಸುಮ್ನಿದ್ದೆ" ಎಂದು ನೆಲ ನೋಡಿದರು. ಒಪ್ಪಿಕೊಂಡ ಮನುಷ್ಯನನ್ನು ಮತ್ತೆ ಬೈಯಲು ನನಗೂ ಬಾಯಿ ಬರಲಿಲ್ಲ.

ಆಗ ಯಾರೋ, "ಹಾಗಾದ್ರೆ ಕರುವಿಂದ ನಮ್ಗೆ ಬಂತಾ, ನಮ್ಮಿಂದ ಕರುವಿಗೆ ಹೋಯ್ತಾ?" ಎಂದು ಕೇಳಿದರು. "ಒಂದೇ ಬಾಗಿಲಪ್ಪ. ಬರೋರೂ ಅಲ್ಲೇ, ಹೋಗೋರೂ ಅಲ್ಲೇ" ಅಂದರು ಪಶುವೈದ್ಯರು. ಅವತ್ತು ಅದನ್ನು ನಾನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಮದ್ದಿನ ಹಾಲು ನಿಲ್ಲಬೇಕೆಂದು ತೀರ್ಮಾನವಾಯಿತು. ಕೈ ಎತ್ತುವುದು ಸುಲಭ. ಮರುದಿನ ಬೆಳಿಗ್ಗೆ, ಬಾವು ಬಂದ ಹಸುವಿನ ಹಾಲು ನೊರೆ ತುಂಬಿ ಬಕೆಟ್ಟಿನಲ್ಲಿ ನಿಂತಿತ್ತು, ಗುಂಡಿ ತೋಡಿ ಆಗಿತ್ತು, ಸುತ್ತ ನಿಂತವರು ಒಬ್ಬರೂ ಬಕೆಟ್ಟಿಗೆ ಕೈ ಹಾಕಲಿಲ್ಲ. ಬಿಸಿಹಾಲಿನ ವಾಸನೆಗೆ ಕರುಗಳು ಆಚೆಯಿಂದ ಕೂಗುತ್ತಿದ್ದವು. ನಾನೇ ಎತ್ತಿಕೊಂಡೆ. ಹಾಲು ಕರೆದವಳು ನಿನ್ನ ದೊಡ್ಡತ್ತೆ. ಒಂದು ಹನಿ ಚೆಲ್ಲಿದರೆ ಮನೆ ಎರಡು ಮಾಡುವವಳು, ಗೋಡೆಯ ಕಡೆ ಮುಖ ತಿರುಗಿಸಿ ನಿಂತಿದ್ದಳು. ನನ್ನ ಕೈ ತಡವರಿಸಿದ್ದು ಬೆನ್ನಿಗೆ ಕಣ್ಣಿದ್ದ ಹಾಗೆ ಅವಳಿಗೆ ಗೊತ್ತಾಯಿತು. "ಸುರಿ. ಸುರಿಯೋದಾದ್ರೆ ಪೂರ್ತಿ ಸುರಿ, ತಳದಲ್ಲಿ ಉಳಿಸ್ಬೇಡ" ಅಂದಳು. ಸುರಿದೆ. ಮಣ್ಣು ಅದನ್ನು ಕುಡಿಯುವ ಸದ್ದು ಕೇಳಿಸಿತು. ಆಮೇಲೆ ನಾವಿಬ್ಬರೂ ಒಂದೇ ನಲ್ಲಿಯ ಕೆಳಗೆ ಬಕೆಟ್ ತೊಳೆದೆವು.

ಈಗ ನಮ್ಮ ಕರುಮನೆ ನೋಡಿದರೆ ನಿನಗೆ ಗುರುತೇ ಸಿಗುವುದಿಲ್ಲ. ಗೋಡೆ ಕೆರೆದು ತೊಳೆದು ಸುಣ್ಣ ಬಳಿದಿದ್ದೇವೆ. ಕರುಗಳನ್ನು ಸಣ್ಣ ಸಣ್ಣ ಗುಂಪು ಮಾಡಿ, ಗುಂಪಿಗೊಂದು ಅಂಗಳ, ಕರುವಿಗೊಂದು ಬಕೆಟ್. ಬಕೆಟ್ಟಿಗೆ ರಬ್ಬರಿನ ಮೊಲೆತೊಟ್ಟು ಸಿಕ್ಕಿಸಿದೆ, ಕರುಗಳು ಅದನ್ನೇ ಚೀಪಿ ಕುಡಿಯುತ್ತವೆ, ಬೆರಳಿನ ಕೆಲಸವಿಲ್ಲ. ಹೊರಗಿನ ಬೂಟು ಹೊರಗೆ, ಒಳಗಿನದು ಒಳಗೆ. ಯಾವ ಹಸುವಿಗೆ ಯಾವ ಮದ್ದು ಎಂದು ಪರೀಕ್ಷೆ ಮಾಡದೆ ಪಶುವೈದ್ಯರು ಈಗ ಸೂಜಿ ಮುಟ್ಟುವುದಿಲ್ಲ. ಬೇಲಿಯ ಈಚೆ ನಿಂತು ನೋಡಿದರೂ ಕಣ್ಣು ತುಂಬುತ್ತದೆ. ಪ್ರತಿ ಸಲದ ಪರೀಕ್ಷೆಯಲ್ಲೂ ರೋಗಾಣು ಇರುವ ಕರುಗಳು ಕಡಿಮೆಯಾಗುತ್ತ ಬಂದವು. ಕಳೆದ ತಿಂಗಳು ನೋಡಿದಾಗ ಒಂದೂ ಇರಲಿಲ್ಲ. ಒಂದೂ ಇಲ್ಲ, ಕೇಳಿಸಿತಾ? ಪಶುವೈದ್ಯರು ಅಂಗಳದಲ್ಲೇ ಟೋಪಿ ತೆಗೆದು ಗಾಳಿಗೆ ಎಸೆದರು, ಅದು ಗೊಬ್ಬರದ ಗುಂಡಿಗೆ ಬಿತ್ತು.

ಹಾಲು ಯಾರು ಮುಟ್ಟುತ್ತಾರೆ ಎಂದು ಹೆದರಿದ್ದ ಕಾರ್ಯದರ್ಶಿ ಏನು ಮಾಡುತ್ತಿದ್ದಾರೆ ಗೊತ್ತಾ? ಬೇರೆ ಡೇರಿಗಳವರು ನೋಡಲು ಬರುತ್ತಾರೆ. ಅವರನ್ನು ಕರುಮನೆಯ ಮುಂದೆ ನಿಲ್ಲಿಸಿ, ಒಮ್ಮೆ ಕೆಮ್ಮಿ, "ನಾನು ಮೊದಲಿಂದಲೂ ಹೇಳ್ತಾನೇ ಇದ್ದೆ" ಎಂದು ಶುರುಮಾಡುತ್ತಾರೆ. ಗೆದ್ದೆತ್ತಿನ ಬಾಲ ಹಿಡಿಯುವುದಕ್ಕೆ ಇವರಿಗೆ ಯಾರೂ ಕಲಿಸಬೇಕಿಲ್ಲ. ಹಿಡಿದುಕೊಳ್ಳಲಿ ಬಿಡು. ಎತ್ತು ಯಾರದೆಂದು ಊರಿಗೇ ಗೊತ್ತು.

ನಿಮ್ಮ ಸೋಂಕಿನ ಡಾಕ್ಟರು ಸಂಘಕ್ಕೆ ಒಂದು ಪತ್ರ ಕಳಿಸಿದ್ದರು. ಅದನ್ನು ಸಭೆಯಲ್ಲಿ ಓದಿದರು. ತನ್ನ ಕೆಲಸಕ್ಕೇ ಕುತ್ತು ಬರಬಹುದೆಂದು ಗೊತ್ತಿದ್ದೂ ಒಬ್ಬ ನರ್ಸ್ ಮೊದಲು ಮುಂದೆ ಬಂದದ್ದರಿಂದ ಜಾಡು ಸಿಕ್ಕಿತು, ಅದರಿಂದ ವಾರ್ಡಿನ ಉಳಿದ ಕೂಸುಗಳು ಉಳಿದವು, ಅವಳ ಮನೆಯವರು ಅದೇ ಧೈರ್ಯ ತೋರಿಸಿದರು ಎಂದು ಅದರಲ್ಲಿತ್ತು. ಓದಿದವರು ಗಡಿಬಿಡಿಯಲ್ಲಿ ಓದಿದರು. "ಹಿಂದಿನ ಸಾಲಿನವರಿಗೆ ಕೇಳಿಸ್ಲಿಲ್ಲ, ಇನ್ನೊಂದ್ಸಲ ಓದಿ" ಅಂದೆ. ನಾನು ಕೂತಿದ್ದದ್ದು ಮೊದಲ ಸಾಲಿನಲ್ಲಿ. ಎಲ್ಲರೂ ನಕ್ಕರು, ಆದರೂ ಇನ್ನೊಮ್ಮೆ ಓದಿದರು. ನಿನ್ನ ದೊಡ್ಡತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ, ನೋಡಲಿಲ್ಲ ಎಂದು ಅವಳು ತಿಳಿದಿದ್ದಾಳೆ.

ಬಿಳಿಮೂತಿ ಈಗ ನನ್ನ ಎದೆಯೆತ್ತರ ಬಂದಿದೆ. ನಿನ್ನ ಹಾಗೇ, 'ಬಾ' ಅಂದರೆ ನಿಲ್ಲುತ್ತದೆ, 'ನಿಲ್ಲು' ಅಂದರೆ ಬರುತ್ತದೆ.

ಇಷ್ಟು ಬರೆಯುವಷ್ಟರಲ್ಲಿ ಬಿಸಿಲು ಇಳಿಯಿತು. ಹೊರಗೆ ಬಕೆಟ್ಟುಗಳ ಸದ್ದಾಗುತ್ತಿದೆ, ಕರುಗಳಿಗೆ ಹಾಲಿನ ಹೊತ್ತು. ನಿಮ್ಮಪ್ಪ ಬಾಗಿಲಲ್ಲಿ ಇಣುಕಿ, "ಅವಳ ಎರಡನೇ ಪ್ರಶ್ನೆಗೆ ಬರೆದ್ಯಾ?" ಎಂದು ಕೇಳಿದರು. ಬರೆಯುತ್ತೇನೆ ಅಂದೆ. ನನಗೊಂದು ಲೋಟ ಚಹಾ ಮಾಡಿ ತಂದಿಟ್ಟು ಹೋದರು. ಅವರು ಚಹಾ ಮಾಡಿದ್ದನ್ನು ನೀನು ಯಾವತ್ತಾದರೂ ಕಂಡಿದ್ದೀಯಾ? ಸಕ್ಕರೆ ಹಾಕಲು ಮರೆತಿದ್ದಾರೆ. ಕುಡಿಯುತ್ತಿದ್ದೇನೆ.

ಮಗಳೇ, ನೀನು ಮುಟ್ಟಿದ ಪ್ರತಿ ಕೂಸೂ ದಿನ ತುಂಬಿ ಹುಟ್ಟಿದವರಿಗಿಂತ ಗಟ್ಟಿಯಾಗಿ ಬೆಳೆಯಲಿ. ನಿನ್ನ ಕೈ ಸದಾ ಶುದ್ಧವಾಗಿರಲಿ, ನಿನ್ನ ತಲೆ ಸದಾ ಎತ್ತರದಲ್ಲಿರಲಿ. ಮೊದಲು ಎದ್ದು ನಿಲ್ಲುವ ಚಾಳಿಯನ್ನು ಯಾರಿಗಾಗಿಯೂ ಬಿಡಬೇಡ.

ಮೊಂಡಿಯನ್ನು ಹೆತ್ತ ಹಿರಿಯ ಮೊಂಡಿ,
ನಿನ್ನ ಅಮ್ಮ

ತಾ.ಕ.: ರಜೆಗೆ ಬರಬಹುದಾ ಎಂದು ಕೇಳಿದೆಯಲ್ಲ. ಬಾ. ಕರುಮನೆ ಶುದ್ಧವಾಗಿದೆ, ಯಾವ ಕರುವನ್ನು ಬೇಕಾದರೂ ತಬ್ಬಿಕೋ. ನಿಮ್ಮಪ್ಪನ ಮೂಗೂ ಶುದ್ಧ, ದೊಡ್ಡತ್ತೆಗೆ ಮೊದಲಿಂದಲೂ ಇರಲಿಲ್ಲ. ಹೋಗದೆ ಉಳಿದದ್ದು ನನ್ನದೊಂದೇ. ಮುಲಾಮು ಹಚ್ಚಿದೆ, ಅವರು ಹೇಳಿದ ಸೋಪಿನಲ್ಲಿ ಮಿಂದೆ, ಹಾಸಿಗೆ ಬಟ್ಟೆಯೆಲ್ಲ ಕುದಿಸಿದೆ. ಹೋಯಿತು ಅಂದರು, ಮತ್ತೆ ಬಂತು. ಮತ್ತೆ ಮಾಡಿದೆ, ಮತ್ತೆ ಬಂತು. ಕೆಲವರ ಮೈಯಲ್ಲಿ ಹೀಗೆ ಬಿಡಾರ ಹೂಡಿಬಿಡುತ್ತದಂತೆ, ತಾನಾಗಿ ಹೋದರೆ ಹೋಯಿತು, ಇಲ್ಲದಿದ್ದರೆ ಇಲ್ಲ. ನನಗೆ ಕಾಯಿಲೆ ಏನೂ ಇಲ್ಲ, ಹೆದರಬೇಡ. ಅಂಗಳದಲ್ಲಿ ಎರಡು ಕುರ್ಚಿ ದೂರ ದೂರ ಹಾಕಿಸುತ್ತೇನೆ, ಗಂಟಲು ಹರಿಯುವವರೆಗೂ ಮಾತಾಡೋಣ. ಆದರೆ ನನ್ನ ಪಕ್ಕ ಮಲಗುವುದು ಬೇಡ. ನಿನಗೆ ವಾರ್ಡಿದೆ.

ಕರುಮನೆಯ ಬೀಗದಕೈ ಈಗ ನಿನ್ನ ದೊಡ್ಡತ್ತೆಯ ಸೊಂಟದಲ್ಲಿದೆ. ಯಾರೂ ಕಿತ್ತುಕೊಳ್ಳಲಿಲ್ಲ, ನಾನೇ ಕೊಟ್ಟೆ. ಅವುಗಳ ಬಾಯಿ ಶುದ್ಧವಾಗಿದೆ, ಶುದ್ಧವಿಲ್ಲದ್ದು ನನ್ನ ಬೆರಳು. ಬೇಲಿಯವರೆಗೆ ಹೋಗುತ್ತೇನೆ. ಬಿಳಿಮೂತಿ ಓಡಿ ಬಂದು ಕತ್ತು ಚಾಚುತ್ತದೆ. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ.

ಅಮ್ಮನಿಗೆ ಇಷ್ಟುದ್ದ ಬರೆಯಲು ಪುರುಸೊತ್ತು ಎಲ್ಲಿಂದ ಬಂತು ಅಂದುಕೊಂಡೆಯಲ್ಲ. ಕೈ ಖಾಲಿ ಇದೆ, ಮಗಳೇ.